ಫ್ರೆಂಚ್ ಹಾರ್ನ್ ಫ್ರಾನ್ಸಿನದ್ದಾ? ದೇಶದ ಹೆಸರು ಹೊತ್ತ ಊದುವಾದ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನ ಮಗಳು ಶಾಲೆಯ ಬ್ಯಾಂಡ್ ಸೇರಿದ್ದಳು. ಮೊದಲ ಸಲ ಹಾರ್ನ್ ಮನೆಗೆ ತಂದ ದಿನ, ಅದನ್ನು ಊಟದ ಮೇಜಿನ ಮೇಲೆ ಮಲಗಿಸಿ ಇಬ್ಬರೂ ನೋಡುತ್ತಾ ಕೂತಿದ್ದೆವು. ಅದರ ಅಗಲ ಬಾಯಿಯ ಹತ್ತಿರ ಸಣ್ಣ ಅಕ್ಷರದಲ್ಲಿ ‘ಜರ್ಮನಿ’ ಅಂತ ಕೊರೆದಿತ್ತು. "ಚಿಕ್ಕಿ, ಇದರ ಹೆಸರು ಫ್ರೆಂಚ್ ಹಾರ್ನ್ ಅಲ್ವಾ? ಮತ್ತೆ ಇಲ್ಲಿ ಜರ್ಮನಿ ಅಂತಿದೆಯಲ್ಲ?" ಅಂದಳು. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದೆ. ಒಂದು ವಾದ್ಯದ ಕತೆ ಇನ್ನೊಂದಕ್ಕೆ ಕರೆದುಕೊಂಡು ಹೋಯಿತು. ಆಮೇಲೆ ಗೆಳೆಯರೂ ಅವರ ಮಕ್ಕಳೂ ಇಂಥದ್ದನ್ನೇ ಕೇಳತೊಡಗಿದರು. ಅವರೆಲ್ಲ ಕೇಳಿದ್ದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಆರ್ಕೆಸ್ಟ್ರಾ ಅಂದರೆ ಯಾವುದು? ಊದುವಾದ್ಯ ಅಂದರೆ ಯಾವುವು?

ಗಣೇಶನ ಹಬ್ಬದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಅಲ್ಲ. ಮುಂದೆ ಪಿಟೀಲುಗಳ ಸಾಲು, ಅದರ ಹಿಂದೆ ಊದುವವರು, ಎಲ್ಲರ ಹಿಂದೆ ದೊಡ್ಡ ನಗಾರಿಗಳು, ಎದುರಿಗೆ ಕೋಲು ಹಿಡಿದ ಕಂಡಕ್ಟರ್ ಇರುತ್ತಾರಲ್ಲ, ಆ ಯುರೋಪಿನ ಸಿಂಫನಿ ಆರ್ಕೆಸ್ಟ್ರಾ.

ಅದರಲ್ಲಿ ಊದುವವರದ್ದು ಎರಡು ಪಂಗಡ: ಮರದವು, ಹಿತ್ತಾಳೆಯವು. ಈ ಹೆಸರನ್ನೂ ಪೂರ್ತಿ ನಂಬುವ ಹಾಗಿಲ್ಲ. ಇವತ್ತು ಆರ್ಕೆಸ್ಟ್ರಾದಲ್ಲಿ ನುಡಿಸುವ ಕೊಳಲು ಹೆಚ್ಚಾಗಿ ಬೆಳ್ಳಿಯದು. ಆದರೂ ಅದು ಮರದ ಪಂಗಡದಲ್ಲೇ ಕೂರುತ್ತದೆ. ಹಿತ್ತಾಳೆ ಪಂಗಡದ ನಿಜವಾದ ಗುರುತು ಲೋಹವಲ್ಲ, ತುಟಿ. ತುಟಿ ಬಿಗಿಹಿಡಿದು ನಡುಗಿಸಿದರೆ ಸ್ವರ ಹುಟ್ಟುವ ವಾದ್ಯಗಳೆಲ್ಲ ಅಲ್ಲಿ ಬರುತ್ತವೆ.

ಸರಿ, ಫ್ರೆಂಚ್ ಹಾರ್ನ್ ಫ್ರಾನ್ಸಿನದ್ದಾ?

ಹುಟ್ಟಿದ್ದು ಅಲ್ಲಿ ಅನ್ನಬಹುದು. ಬೆಳೆದದ್ದು ಬೇರೆ ಕಡೆ.

17ನೇ ಶತಮಾನದ ಕೊನೆಯ ಭಾಗ. ಫ್ರಾನ್ಸಿನ ದೊರೆ 14ನೇ ಲೂಯಿಗೆ ಬೇಟೆಯ ಹುಚ್ಚು. ಕಾಡಿನಲ್ಲಿ ಸವಾರರು ಚೆದುರಿ ಹೋದಾಗ ಜಿಂಕೆ ಎಲ್ಲಿದೆ, ನಾಯಿಗಳು ಯಾವ ಕಡೆ ಓಡಿದವು ಅನ್ನುವುದನ್ನು ಕಹಳೆ ಊದಿ ತಿಳಿಸಬೇಕಿತ್ತು. ಕೊಳವೆ ಉದ್ದ ಇದ್ದಷ್ಟೂ ಜಾಸ್ತಿ ಸ್ವರ ಸಿಗುತ್ತದೆ, ಆದರೆ ಉದ್ದ ಕೊಳವೆ ಹಿಡಿದು ಕುದುರೆ ಓಡಿಸುವುದು ಹೇಗೆ? ಅದಕ್ಕೆ ಕೊಳವೆಯನ್ನು ದೊಡ್ಡ ಬಳೆಯ ಹಾಗೆ ಸುತ್ತಿದರು. ಹೆಗಲಿಗೆ ಹಾಕಿಕೊಂಡು ಕುದುರೆ ಏರಬಹುದು. ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಹಿಂದೆ ಬರುತ್ತಿರುವ ಸವಾರರಿಗೆ ಕೇಳಬೇಕಲ್ಲ. ಇವತ್ತು ಸಭಾಂಗಣದಲ್ಲಿ ಕೂತು ನುಡಿಸುವ ಹಾರ್ನ್‌ನ ಬಾಯಿಯೂ ಹಿಂದಕ್ಕೇ ತಿರುಗಿದೆ. ಕೇಳುವವರು ಮುಂದೆ ಇರುತ್ತಾರೆ, ನಾದ ಮಾತ್ರ ಹಿಂದಿನ ಗೋಡೆಗೆ ಹೊಡೆದು ಬರುತ್ತದೆ. ಬೇಟೆ ಬಿಟ್ಟು ಮೂರು ನೂರು ವರ್ಷ ಆದರೂ ಅಭ್ಯಾಸ ಉಳಿದಿದೆ.

ಇಂಗ್ಲೆಂಡಿನ ಬೇಟೆಗಾರರ ಹತ್ತಿರ ಇದ್ದದ್ದು ಗಿಡ್ಡ ಕೊಂಬು. ಈ ಬಳೆಯಾಕಾರದ ಹೊಸ ಕಹಳೆ ಫ್ರಾನ್ಸ್ ಕಡೆಯಿಂದ ಬಂತು, ‘ಫ್ರೆಂಚ್ ಹಾರ್ನ್’ ಅಂದರು. ನಮ್ಮಲ್ಲಿ ಹೊರದೇಶದಿಂದ ಬಂದದ್ದಕ್ಕೆಲ್ಲ ‘ಸೀಮೆ’ ಸೇರಿಸಿದ ಹಾಗೆಯೇ ಇದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಯಾವ ಸೀಮೆ ಅಂತ ಯಾರೂ ಕೇಳಲಿಲ್ಲ. ನಾವು ಸೀಮೆಬದನೆ ಅನ್ನುವ ಕಾಯಿಗೆ ತಮಿಳರೂ ತೆಲುಗರೂ ‘ಬೆಂಗಳೂರು ಬದನೆ’ ಅನ್ನುತ್ತಾರೆ, ಅವರಿಗೆ ಅದು ಬೆಂಗಳೂರು ಕಡೆಯಿಂದ ಬಂತು. ಆ ಬಳ್ಳಿಯ ಮೂಲ ಮೆಕ್ಸಿಕೊ ಕಡೆ. ಇಲ್ಲಿ ಬರುವ ಹೆಸರುಗಳನ್ನೆಲ್ಲ ನಾನು ಹೀಗೇ ಓದುತ್ತೇನೆ: ಅವು ವಾದ್ಯದ ತವರನ್ನು ಹೇಳುವುದಿಲ್ಲ, ಅದು ಯಾವ ಬಾಗಿಲಿನಿಂದ ತಮ್ಮ ಮನೆಗೆ ಬಂತು ಅಂತ ಹೆಸರಿಟ್ಟವರು ಅಂದುಕೊಂಡಿದ್ದರೋ ಅದನ್ನು ಹೇಳುತ್ತವೆ.

ಹಾಗಾದರೆ ಜರ್ಮನಿ ಎಲ್ಲಿಂದ ಬಂತು?

ಬೊಹೀಮಿಯಾ ದಾರಿಯಾಗಿ. ಈಗಿನ ಚೆಕ್ ದೇಶದ ಭಾಗ ಅದು. ಅಲ್ಲಿನ ಶ್ರೀಮಂತ ಜಮೀನ್ದಾರ ಫ್ರಾಂಟ್ಸ್ ಆಂಟೊನ್ ಫಾನ್ ಶ್ಪೋರ್ಕ್ 1680ರ ಸುಮಾರಿಗೆ ಫ್ರಾನ್ಸಿಗೆ ಹೋದಾಗ ಈ ಕಹಳೆ ಕೇಳಿ ಮರುಳಾದ. ತನ್ನ ಇಬ್ಬರು ಆಳುಗಳಿಗೆ ಅಲ್ಲೇ ಕಲಿಸುವ ಏರ್ಪಾಟು ಮಾಡಿದ. ಅವರು ಊರಿಗೆ ಬಂದು ಬೇರೆಯವರಿಗೆ ಕಲಿಸಿದರು. ಮುಂದಿನ ನೂರು ವರ್ಷ ಯುರೋಪಿನ ಒಳ್ಳೊಳ್ಳೆಯ ಹಾರ್ನ್ ವಾದಕರು ಬೊಹೀಮಿಯಾದಿಂದಲೇ ಬಂದರು. ಬೇಟೆಯ ಕೂಗು ಅಲ್ಲಿ ಸಂಗೀತ ಆಯಿತು.

ಸುಮಾರು 1750ರಲ್ಲಿ ಜರ್ಮನಿಯ ಡ್ರೆಸ್ಡೆನ್ ಆಸ್ಥಾನದ ಆಂಟೊನ್ ಯೋಸೆಫ್ ಹಾಂಪೆಲ್ ಅನ್ನುವ ವಾದಕ ಹಾರ್ನ್‌ನ ಬಾಯೊಳಗೆ ಬಲಗೈ ಇಟ್ಟು ನುಡಿಸುವ ಕ್ರಮವನ್ನು ಬೆಳೆಸಿದ. ಬರಿ ಕೊಳವೆಯಲ್ಲಿ ಎಲ್ಲ ಸ್ವರಗಳೂ ಸಿಗುವುದಿಲ್ಲ. ಅಂಗೈಯಿಂದ ಬಾಯಿಯನ್ನು ಅರ್ಧ ಮುಚ್ಚಿದರೆ, ಪೂರ್ತಿ ಮುಚ್ಚಿದರೆ ನಡುವಿನ ಸ್ವರಗಳು ಬರುತ್ತವೆ. ನಮ್ಮ ಹುಡುಗಿಗೆ ಇದನ್ನು ಮಾಡಿ ನೋಡು ಅಂದೆ. ಕೈ ತೆಗೆದಾಗ ಬಯಲಲ್ಲಿ ಕೂಗಿದ ಹಾಗಿತ್ತು. ಕೈ ಒಳಗೆ ಹೋದ ಕೂಡಲೇ ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ಹಾಡಿದ ಹಾಗಾಯಿತು. ಅವಳು ಹತ್ತು ಸಲ ಕೈ ಹಾಕಿ ತೆಗೆದು ಮಾಡಿದಳು.

ಆಮೇಲೆ ವಾಲ್ವ್. ಒತ್ತಿದರೆ ಗಾಳಿ ಇನ್ನಷ್ಟು ಉದ್ದದ ಕೊಳವೆ ಸುತ್ತಿ ಬರುವ ಹಾಗೆ ಮಾಡುವ ಗುಂಡಿ. ಹೈನ್ರಿಖ್ ಷ್ಟೋಲ್ಟ್ಸೆಲ್, ಫ್ರೀಡ್ರಿಖ್ ಬ್ಲ್ಯೂಮೆಲ್ ಇಬ್ಬರಿಗೂ ಸೇರಿ ಆಗಿನ ಜರ್ಮನ್ ರಾಜ್ಯ ಪ್ರಶ್ಯಾದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ. ಇವತ್ತು ಎಲ್ಲೆಲ್ಲೂ ಕಾಣುವ ಜೋಡಿ ಹಾರ್ನ್, ಅಂದರೆ ಹೆಬ್ಬೆರಳಿನ ಒಂದು ವಾಲ್ವ್ ಒತ್ತಿ ಎಫ್ ಮತ್ತು ಬಿ ಫ್ಲಾಟ್ ಅನ್ನುವ ಎರಡು ಶ್ರುತಿಯ ಕೊಳವೆಗಳನ್ನೂ ಬಳಸುವ ಹಾರ್ನ್, ಜರ್ಮನಿಯ ಎರ್ಫುರ್ಟ್ ಊರಿನ ಕ್ರುಸ್ಪೆ ಕಾರ್ಖಾನೆಯದು, 1897. ಅದರಲ್ಲಿ ಎಫ್ ಭಾಗವನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 3.7 ಮೀಟರ್ ಉದ್ದ ಬರುತ್ತದೆ.

ಹೀಗೆ ಸುತ್ತು ಫ್ರಾನ್ಸಿನದು, ಕೈ ಡ್ರೆಸ್ಡೆನ್‌ನದು, ವಾಲ್ವ್ ಪ್ರಶ್ಯಾದ್ದು, ಜೋಡಣೆ ಎರ್ಫುರ್ಟಿನದು. ಹೆಸರು ಮಾತ್ರ ಮೊದಲನೆಯದರದ್ದೇ ಉಳಿಯಿತು.

ಫ್ರಾನ್ಸಿನವರು ಅದನ್ನು ಏನಂತಾರೆ?

‘ಕೋರ್’. ಅಷ್ಟೇ. ಕೊಂಬು ಅಂತ ಅರ್ಥ. ಫ್ರೆಂಚ್ ಅನ್ನುವ ಪದ ಅದರ ಹತ್ತಿರವೂ ಇಲ್ಲ. ಜರ್ಮನರು ಕಾಡಿನ ಕೊಂಬು ಅನ್ನುವ ಅರ್ಥದಲ್ಲಿ ‘ವಾಲ್ಡ್‌ಹಾರ್ನ್’ ಅನ್ನುತ್ತಾರೆ. ಇಂಟರ್‌ನ್ಯಾಷನಲ್ ಹಾರ್ನ್ ಸೊಸೈಟಿ 1971ರಲ್ಲೇ ಇಂಗ್ಲಿಷಿನಲ್ಲೂ ಸುಮ್ನೆ ‘ಹಾರ್ನ್’ ಅಂದರೆ ಸಾಕು ಅಂತ ಹೇಳಿತು. ವಾದಕರು ಹಾಗೇ ಅನ್ನುತ್ತಾರೆ. ಹೊರಗಿನವರು ಕೇಳಲಿಲ್ಲ.

ನಿಜವಾದ ಫ್ರೆಂಚ್ ಫ್ರೆಂಚ್ ಹಾರ್ನ್ ಇತ್ತಾ?

ಇತ್ತು, ಅದರ ಕತೆ ಮೈಸೂರಿನ ಹತ್ತಿರ ಬರುತ್ತದೆ. ಇಂಗ್ಲೆಂಡಿನ ವಾದಕರು 20ನೇ ಶತಮಾನದ ನಡುವಿನವರೆಗೂ ಪ್ಯಾರಿಸ್ಸಿನ ಸಪೂರ ಕೊಳವೆಯ ಹಾರ್ನ್‌ಗಳನ್ನೇ ಇಷ್ಟಪಡುತ್ತಿದ್ದರು. ಅವುಗಳ ನಾದ ತೆಳು, ಬೆಳಕಿನ ಹಾಗೆ. ಸ್ವರ ತಪ್ಪುವ ಭಯವೂ ಜಾಸ್ತಿ. ಅವರಲ್ಲಿ ಎಲ್ಲರಿಗಿಂತ ಹೆಸರಾದ ಡೆನಿಸ್ ಬ್ರೇನ್, ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಮುಖ್ಯ ಹಾರ್ನ್ ವಾದಕ, ಬಹಳ ಕಾಲ ಪ್ಯಾರಿಸ್ಸಿನ ರಾವೂ ಮನೆತನದ ಹಾರ್ನ್ ನುಡಿಸಿದರು. 1951ರ ಹೊತ್ತಿಗೆ ಅವರೂ ಜರ್ಮನಿಯ ಮೈಂಟ್ಸ್ ಊರಿನ ಅಲೆಕ್ಸಾಂಡರ್ ಹಾರ್ನ್‌ಗೆ ಬದಲಾದರು. 1957ರಲ್ಲಿ, ಬರೀ 36 ವರ್ಷಕ್ಕೆ, ಕಾರು ಅಪಘಾತದಲ್ಲಿ ತೀರಿಕೊಂಡರು.

ಮೈಸೂರಿನ ನಂಟು ಅಂದೆನಲ್ಲ. ಆ ಫಿಲ್ಹಾರ್ಮೋನಿಯಾದ ಕಚೇರಿಗಳನ್ನು ನಡೆಸುತ್ತಿದ್ದ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರ್. ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಮಹಾರಾಜರ ನೆರವಿನಿಂದ. ಅದರಲ್ಲಿ ‘ಸೆಪ್ಟೆಂಬರ್’ ಅನ್ನುವ ಹಾಡು ಮುಗಿಯುವಾಗ ಹಾಡುವವರ ದನಿ ನಿಲ್ಲುತ್ತದೆ, ಹಾರ್ನ್ ಒಂದೇ ಮಾತಾಡುತ್ತದೆ. ಸ್ಟ್ರಾಸ್‌ನ ಅಪ್ಪ ಮ್ಯೂನಿಕ್ಕಿನಲ್ಲಿ ಹಾರ್ನ್ ವಾದಕರಾಗಿದ್ದರು. ಆ ಕೆಲವು ಸಾಲುಗಳನ್ನು ಕೇಳುವಾಗ ಅಪ್ಪನ ನೆನಪಿನಲ್ಲೇ ಬರೆದ ಹಾಗೆ ನನಗೆ ಅನ್ನಿಸುತ್ತದೆ. ಹಿಂದೆ ಮೈಸೂರಿನ ಕೈಯೂ ಇದೆ ಅಂತ ಗೊತ್ತಾದ ದಿನದಿಂದ ಆ ಹಾಡು ಇನ್ನಷ್ಟು ಹತ್ತಿರವಾಗಿದೆ.

ಇಂಗ್ಲಿಷ್ ಹಾರ್ನ್ ಬಗ್ಗೆ ಹೇಳಿ. ಅದು ಇಂಗ್ಲೆಂಡಿನದ್ದಲ್ಲ ಅಂತಾರೆ?

ಇಂಗ್ಲೆಂಡಿನದ್ದೂ ಅಲ್ಲ, ಹಾರ್ನೂ ಅಲ್ಲ. ಓಬೋ ಅನ್ನುವ ಮರದ ಊದುವಾದ್ಯದ ಅಕ್ಕ ಅದು. ನಮ್ಮ ವಾಲಗದ ನಾಗಸ್ವರದಲ್ಲಿ ಇರುವ ಹಾಗೆ ಜೊಂಡಿನ ಎರಡು ತೆಳು ಸೀಳು ಒಂದಕ್ಕೊಂದು ತಾಗಿ ನಡುಗುತ್ತವೆ, ಅದರಿಂದ ನಾದ. ಓಬೋಗಿಂತ ಉದ್ದ, ಐದು ಸ್ವರ ಕೆಳಗೆ ನುಡಿಯುತ್ತದೆ. ತುದಿ ಪೇರಲೆ ಹಣ್ಣಿನ ಹಾಗೆ ಉಬ್ಬಿರುತ್ತದೆ. ಸ್ವಲ್ಪ ಮೂಗಿನಲ್ಲಿ, ತುಂಬಾ ಒಂಟಿಯಾಗಿ ಹಾಡಿದ ಹಾಗಿರುತ್ತದೆ.

ಈ ವಾದ್ಯ ರೂಪ ಪಡೆದದ್ದು ಜರ್ಮನ್ ಮಾತಾಡುವ ಸೀಮೆಯಲ್ಲಿ, 18ನೇ ಶತಮಾನದ ಮೊದಲ ಭಾಗದಲ್ಲಿ. ಹೆಸರು ಬರವಣಿಗೆಯಲ್ಲಿ ಕಾಣತೊಡಗುವುದು ವಿಯೆನ್ನಾದಲ್ಲಿ. 1749ರಲ್ಲಿ ಅಲ್ಲಿ ನಡೆದ ಯೊಮ್ಮೆಲ್ಲಿ ಅನ್ನುವ ಸಂಗೀತಕಾರನ ‘ಎತ್ಸಿಯೊ’ ಒಪೆರಾದಲ್ಲಿ, ಅಂದರೆ ಹಾಡಿನ ನಾಟಕದಲ್ಲಿ, ‘ಕೋರ್ನೊ ಇಂಗ್ಲೇಸೆ’ ಅಂತ ಇದೆ, ಇಟಾಲಿಯನ್‌ನಲ್ಲಿ ಇಂಗ್ಲಿಷ್ ಕೊಂಬು. ಆಗ ಇಂಗ್ಲೆಂಡಿನಲ್ಲಿ ಈ ವಾದ್ಯ ಯಾರಿಗೂ ಬೇಕಿರಲಿಲ್ಲ.

ಮತ್ತೆ ಇಂಗ್ಲಿಷ್ ಎಲ್ಲಿಂದ ಬಂತು? ನನಗೆ ಒಪ್ಪಿಗೆಯಾಗುವ ವಿವರಣೆ ಇದು. ಹಳೆಯ ಜರ್ಮನ್‌ನಲ್ಲಿ ‘ಎಂಗ್ಲಿಷ್’ ಅನ್ನುವ ಪದಕ್ಕೆ ಎರಡು ಅರ್ಥ. ಒಂದು ಇಂಗ್ಲೆಂಡಿನ. ಇನ್ನೊಂದು ‘ಎಂಗೆಲ್’, ಅಂದರೆ ದೇವದೂತರ. ಇದಕ್ಕೆ ಸಾಕ್ಷಿ ಇವತ್ತೂ ತೂಗುತ್ತಿದೆ. ನ್ಯೂರೆಂಬರ್ಗಿನ ಸೇಂಟ್ ಲೊರೆನ್ಸ್ ಚರ್ಚಿನಲ್ಲಿ ಫೈಟ್ ಷ್ಟೋಸ್ 1518ರಲ್ಲಿ ಮರದಲ್ಲಿ ಕೆತ್ತಿದ ದೊಡ್ಡ ಶಿಲ್ಪವಿದೆ, ಮೇಲಿನಿಂದ ಇಳಿಬಿಟ್ಟದ್ದು. ದೇವದೂತ ಮೇರಿಗೆ ಸುದ್ದಿ ಹೇಳುವ ದೃಶ್ಯ. ಅದರ ಹೆಸರು ‘ಎಂಗ್ಲಿಷರ್ ಗ್ರೂಸ್’. ಇಂಗ್ಲಿಷರ ನಮಸ್ಕಾರ ಅಲ್ಲ, ದೇವದೂತನ ನಮಸ್ಕಾರ. ಹಳೆಯ ಚರ್ಚಿನ ಚಿತ್ರಗಳಲ್ಲಿ ದೇವದೂತರು ಬಾಗಿದ ಕೊಂಬು ಊದುತ್ತಿರುತ್ತಾರೆ. ಈ ಓಬೋ ಕೂಡ ಆಗ ಬಾಗಿಯೇ ಇತ್ತು. ‘ದೇವದೂತರ ಕೊಂಬು’ ಅಂದದ್ದನ್ನು ಇಟಲಿಯವರು, ಫ್ರೆಂಚರು ‘ಇಂಗ್ಲೆಂಡಿನ ಕೊಂಬು’ ಅಂತ ತಿಳಿದು ಅನುವಾದ ಮಾಡಿಕೊಂಡರು. ಕೋರ್ಟಿನಲ್ಲಿ ನಿಲ್ಲುವಂಥ ದಾಖಲೆ ಇದಕ್ಕಿಲ್ಲ, ಆದರೆ ಪದ, ಆಕಾರ, ಊರು ಮೂರೂ ಹೊಂದಿಕೊಳ್ಳುತ್ತವೆ.

‘ಬಾಗಿದ’ ಅನ್ನುವ ಫ್ರೆಂಚ್ ಪದ ‘ಆಂಗ್ಲೇ’ ಅಪಭ್ರಂಶವಾಗಿ ಇಂಗ್ಲಿಷ್ ಆಯಿತು ಅಂತ ಓದಿದ್ದೆ?

ಬಹಳ ಕಡೆ ಬರೆದಿದೆ. ನಾನು ಇದನ್ನು ನಂಬುವುದಿಲ್ಲ. ಹೆಸರು ಮೊದಲು ಕಾಣುವುದು ಜರ್ಮನ್, ಇಟಾಲಿಯನ್ ಬಳಕೆಯಲ್ಲಿ, ಫ್ರೆಂಚ್ ಹೆಸರು ಬಂದದ್ದು ಆಮೇಲೆ. ಫ್ರೆಂಚಿನಲ್ಲಿ ಆದ ಅಪಭ್ರಂಶ ಅದಕ್ಕಿಂತ ಮುಂಚೆ ವಿಯೆನ್ನಾಗೆ ಹೋಗಿ ಕೂರುವುದು ಹೇಗೆ? ಕೇಳಲು ಚೆನ್ನಾಗಿರುವ ಕತೆ, ಅದಕ್ಕೇ ಉಳಿದುಕೊಂಡಿದೆ.

ಹಾರ್ನ್ ಅಲ್ಲದ್ದನ್ನು ಹಾರ್ನ್ ಅಂದದ್ದು ಯಾಕೆ?

ಆಕಾರ ನೋಡಿ. ಇದರ ಹಿರಿಯ ‘ಓಬೋ ದ ಕಾಚ್ಚಾ’, ಬೇಟೆಯ ಓಬೋ. ಲೈಪ್‌ಸಿಗ್‌ನಲ್ಲಿ ಐಖೆನ್‌ಟೊಪ್ಫ್ ಅನ್ನುವ ಕುಶಲಕರ್ಮಿ ಸಂಗೀತಕಾರ ಬಾಖ್‌ನ ಕಾಲದಲ್ಲಿ ಇದನ್ನು ಮಾಡುತ್ತಿದ್ದ. ಮರದ ಕೊಳವೆಯನ್ನು ಬಾಗಿಸುವುದು ಸುಲಭವಲ್ಲ. ಮೊದಲು ಮರವನ್ನು ನೇರವಾಗಿಯೇ ಕೊರೆಯುತ್ತಿದ್ದರು. ಆಮೇಲೆ ಒಂದು ಪಕ್ಕದಿಂದ ಗರಗಸದಲ್ಲಿ ಸಾಲಾಗಿ ಸೀಳು ಹಾಕುತ್ತಿದ್ದರು, ಸೌತೆಕಾಯಿಗೆ ಅರ್ಧಕ್ಕೆ ಕೊಯ್ದು ಬಿಟ್ಟ ಹಾಗೆ. ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸಿದಾಗ ಸೀಳುಗಳು ಮುಚ್ಚಿಕೊಳ್ಳುತ್ತಿದ್ದವು. ಮೇಲೆ ಪಟ್ಟಿ ಅಂಟಿಸಿ, ಗಾಳಿ ಸೋರದ ಹಾಗೆ ಚರ್ಮ ಸುತ್ತಿ, ತುದಿಗೆ ಹಿತ್ತಾಳೆಯ ಅಗಲ ಬಾಯಿ ಕೂರಿಸುತ್ತಿದ್ದರು. ದೂರದಿಂದ ನೋಡಿದವರಿಗೆ ಕೊಂಬೇ. ಇಂಗ್ಲಿಷ್ ಹಾರ್ನ್ ಕೂಡ ಬಹಳ ಕಾಲ ಹೀಗೆ ಬಾಗಿ, ಚರ್ಮ ಹೊದ್ದುಕೊಂಡಿತ್ತು. ಪ್ಯಾರಿಸ್ಸಿನ ಆನ್ರಿ ಬ್ರೋ 1830ರ ದಶಕದ ಕೊನೆಗೆ ಅದನ್ನು ನೇರ ಮಾಡಿದ. ಕೊಂಬಿನ ಆಕಾರ ಹೋಯಿತು, ಕೊಂಬು ಅನ್ನುವ ಹೆಸರು ನಿಂತಿತು.

ನಮಗೆ ಇದು ಹೊಸದೇನೂ ಅಲ್ಲ. ಮುಖವೀಣೆ ಇದೆಯಲ್ಲ? ಅದರಲ್ಲಿ ಒಂದು ತಂತಿಯೂ ಇಲ್ಲ. ಪೀಪಿ ಇಟ್ಟು ಊದುವ ಪುಟ್ಟ ವಾದ್ಯ, ಓಬೋದ ನೆಂಟ. ಮೂಡಲಪಾಯದ ಆಟಗಳಲ್ಲಿ ಕೇಳಿದವರಿಗೆ ಗೊತ್ತು. ಅದಕ್ಕೆ ವೀಣೆ ಅಂದ ನಾವು, ಇದಕ್ಕೆ ಹಾರ್ನ್ ಅಂದವರನ್ನು ಅರ್ಥ ಮಾಡಿಕೊಳ್ಳಬಹುದು.

ಇಂಗ್ಲಿಷರು ಇದಕ್ಕೆ ‘ಕೋರ್ ಆಂಗ್ಲೇ’ ಅಂತಾರಲ್ಲ?

ಹೌದು. ಬ್ರಿಟನ್ನಿನಲ್ಲಿ ಫ್ರೆಂಚ್ ಹೆಸರೇ ನಡೆಯುತ್ತದೆ. ‘ಇಂಗ್ಲಿಷ್ ಹಾರ್ನ್’ ಅನ್ನುವುದು ಅಮೆರಿಕದವರು. ಬ್ರಿಟನ್ನಿನ ಒಂದೇ ಆರ್ಕೆಸ್ಟ್ರಾದಲ್ಲಿ ಫ್ರೆಂಚರು ಫ್ರೆಂಚ್ ಅನ್ನದ ‘ಫ್ರೆಂಚ್ ಹಾರ್ನ್’, ಇಂಗ್ಲಿಷರು ಇಂಗ್ಲಿಷಿನಲ್ಲಿ ಕರೆಯದ ‘ಇಂಗ್ಲಿಷ್ ಹಾರ್ನ್’ ನಾಲ್ಕು ಕುರ್ಚಿ ಆಚೆ ಈಚೆ ಕೂತಿರುತ್ತವೆ.

ಹಳೆಯ ಪುಸ್ತಕಗಳಲ್ಲಿ ‘ಜರ್ಮನ್ ಕೊಳಲು’ ಅಂತ ಬರುತ್ತದೆ. ಅದು ಯಾವುದು?

ಅಡ್ಡ ಹಿಡಿದು ಊದುವ ಕೊಳಲು, ನಮ್ಮ ಕೃಷ್ಣನ ಕೈಯಲ್ಲಿರುವ ಹಾಗೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬರೀ ‘ಫ್ಲೂಟ್’ ಅಂದರೆ ನೇರ ಹಿಡಿದು ಊದುವ ರೆಕಾರ್ಡರ್. ಅಡ್ಡ ಕೊಳಲಿಗೆ ‘ಜರ್ಮನ್’ ಸೇರಿಸಿ ಹೇಳಬೇಕಿತ್ತು. 1730ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದ, ಸಂಗೀತಕಾರ ಹ್ಯಾಂಡೆಲ್‌ನ ಸೊನಾಟಾ ಅನ್ನುವ ಕೃತಿಗಳ ಮೇಲೆ ‘ಜರ್ಮನ್ ಫ್ಲೂಟ್’ ಅಂತಲೇ ಇದೆ. ರೆಕಾರ್ಡರ್‌ಗೆ ‘ಇಂಗ್ಲಿಷ್ ಫ್ಲೂಟ್’ ಅನ್ನುವುದೂ ಇತ್ತು. ಹಳೆಯ ಸ್ವರಪುಸ್ತಕ ಹಿಡಿದು ನುಡಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ತಪ್ಪು ವಾದ್ಯ ಎತ್ತಿಕೊಳ್ಳುತ್ತೀರಿ.

ಜರ್ಮನ್ ಅಂದದ್ದು ಯಾಕೆಂದರೆ, 16ನೇ ಶತಮಾನದಲ್ಲಿ ಸ್ವಿಸ್, ಜರ್ಮನ್ ಕೂಲಿ ಸೈನಿಕರು ಈ ಅಡ್ಡ ಕೊಳಲನ್ನೂ ಡೋಲನ್ನೂ ಹಿಡಿದು ಯುರೋಪ್ ತುಂಬಾ ನಡೆದರು. ಬೇರೆಯವರು ಅದನ್ನು ಅವರ ಕೈಯಲ್ಲೇ ನೋಡಿದ್ದು. ಆದರೆ ಹ್ಯಾಂಡೆಲ್‌ನ ಕಾಲಕ್ಕೆ ಎಲ್ಲರೂ ನುಡಿಸುತ್ತಿದ್ದ ಮಾದರಿ ಸೈನಿಕರದ್ದಲ್ಲ, ಫ್ರಾನ್ಸಿನಲ್ಲಿ ಹೊಸದಾಗಿ ರೂಪಿಸಿದ್ದು. ಒಟೆಟೇರ್ ಮನೆತನದ ಹೆಸರು ಅದರ ಜೊತೆ ಬರುತ್ತದೆ. ಆ ಮನೆಯ ಜಾಕ್ ಒಟೆಟೇರ್ 1707ರಲ್ಲಿ ಕಲಿಕೆಯ ಪುಸ್ತಕ ಬರೆದ. ಫ್ರಾನ್ಸಿನ ಕೊಳಲಿನ ಮೇಲೆ ಫ್ರೆಂಚನೇ ಬರೆದ ಆ ಪುಸ್ತಕದ ಹೆಸರಿನಲ್ಲೂ ‘ಜರ್ಮನಿಯ ಕೊಳಲು’ ಅಂತ ಇದೆ.

ನಿಜವಾಗಿ ಜರ್ಮನ್ ಕೊಳಲು ಬಂದದ್ದು ಆಮೇಲೆ. ಮ್ಯೂನಿಕ್ಕಿನ ಟೆಯೊಬಾಲ್ಡ್ ಬೋಮ್ 1832ರಲ್ಲಿ ಒಂದು, 1847ರಲ್ಲಿ ಇನ್ನೊಂದು ಮಾದರಿ ಮಾಡಿದರು. ಇವತ್ತಿನ ಬೆಳ್ಳಿ ಕೊಳಲು ಆ ಎರಡನೆಯದೇ. ಅದನ್ನು ಬೇಗ ಅಪ್ಪಿಕೊಂಡದ್ದು ಪ್ಯಾರಿಸ್. ಜರ್ಮನಿಯ ಆರ್ಕೆಸ್ಟ್ರಾಗಳು ಬಹಳ ಕಾಲ ಹಿಂದೇಟು ಹಾಕಿದವು. ಈಗ ಅದಕ್ಕೆ ಯಾರೂ ಜರ್ಮನ್ ಕೊಳಲು ಅನ್ನುವುದಿಲ್ಲ.

ಐರಿಶ್ ಕೊಳಲು?

ಇದರದ್ದು ನನಗೆ ತುಂಬಾ ಇಷ್ಟವಾದ ಕತೆ. ಬೋಮ್ ಕೊಳಲು ಬಂದ ಮೇಲೆ ಲಂಡನ್ನಿನ ವಾದಕರು ನಿಧಾನವಾಗಿ ತಮ್ಮ ಹಳೆಯ ಮರದ ಕೊಳಲುಗಳನ್ನು ಬಿಟ್ಟರು. ರೂಡಾಲ್ ಅಂಡ್ ರೋಸ್‌ನಂಥ ಲಂಡನ್ ಮಳಿಗೆಗಳಲ್ಲಿ ತಯಾರಾದ ಚೆಂದದ ಕೊಳಲುಗಳು ಹಳೆ ಸಾಮಾನಾಗಿ ಕಡಿಮೆ ಬೆಲೆಗೆ ಸಿಗತೊಡಗಿದವು. ಅವನ್ನು ಐರ್ಲೆಂಡಿನ ಹಳ್ಳಿಯ ವಾದಕರು ಎತ್ತಿಕೊಂಡರು. ಕುಣಿತದ ಹಾಡಿಗೆ ಅವು ಸರಿಯಾಗಿ ಒಗ್ಗಿದವು. ಬೇರೆಯವರು ಬಿಟ್ಟದ್ದನ್ನು ತಂದು ತಮ್ಮದು ಮಾಡಿಕೊಂಡರು. ಹುಟ್ಟು ಲಂಡನ್ನಿನದಾದರೂ ಈ ಹೆಸರನ್ನು ನಾನು ಸುಳ್ಳು ಅನ್ನುವುದಿಲ್ಲ.

ಮಗುವಿಗೆ ರೆಕಾರ್ಡರ್ ಕೊಳ್ಳಬೇಕು. ‘ಜರ್ಮನ್’, ‘ಬರೋಕ್’ ಅಂತ ಎರಡು ಇದೆಯಲ್ಲ?

ಬರೋಕ್ ಕೊಳ್ಳಿ. ಇದನ್ನೇ ಕೆಲವು ಕಡೆ ‘ಇಂಗ್ಲಿಷ್’ ಅಂತಲೂ ಬರೆದಿರುತ್ತಾರೆ. ಹಿಂದುಗಡೆ ಹೆಬ್ಬೆರಳಿನ ತೂತಿನ ಹತ್ತಿರ ಬಿ ಅಥವಾ ಜಿ ಅಂತ ಒಂದು ಅಕ್ಷರ ಇರುತ್ತದೆ, ನೋಡಿ. ನಾನು ಮೊದಲ ಸಲ ಅಂಗಡಿಯವರ ಮಾತು ಕೇಳಿ ಜಿ ತಂದಿದ್ದೆ. ಮೊದಲ ತಿಂಗಳು ಚೆನ್ನಾಗಿತ್ತು, ಎಫ್ ಸ್ವರ ಸಲೀಸಾಗಿ ಬರುತ್ತಿತ್ತು. ಎಫ್ ಶಾರ್ಪ್ ಇರುವ ಹಾಡು ಬಂದ ಕೂಡಲೇ ಶ್ರುತಿ ಕೆಟ್ಟಿತು. ಮಗು ತನ್ನದೇ ತಪ್ಪು ಅಂದುಕೊಂಡು ಅತ್ತಿತು. ತಪ್ಪು ತೂತಿನದ್ದಾಗಿತ್ತು.

ಇಲ್ಲಿ ಜರ್ಮನ್ ಅನ್ನುವ ಹೆಸರು ಸರಿಯಾಗಿಯೇ ಇದೆ. 1920ರ ದಶಕದಲ್ಲಿ ಜರ್ಮನಿಯ ಪೇಟರ್ ಹಾರ್ಲಾನ್ ಬೆರಳಿಡುವುದನ್ನು ಸುಲಭ ಮಾಡಲು ಹೋಗಿ ಹುಟ್ಟಿದ್ದು ಅದು. ‘ಇಂಗ್ಲಿಷ್’ ಕ್ರಮವನ್ನು ಇಂಗ್ಲೆಂಡಿನಲ್ಲಿ ಕೂತು ರೂಪಿಸಿದ ಆರ್ನಲ್ಡ್ ಡಾಲ್ಮೆಚ್ ಹುಟ್ಟಿದ್ದು ಮಾತ್ರ ಫ್ರಾನ್ಸಿನಲ್ಲಿ.

ಕ್ಲಾರಿನೆಟ್‌ನಲ್ಲೂ ಜರ್ಮನ್, ಫ್ರೆಂಚ್ ಅಂತ ಇದೆಯಾ?

ಇದೆ. ಇದರಲ್ಲಿ ಒಂದು ವಿಚಿತ್ರ. ಲೋಕದ ಹೆಚ್ಚಿನ ಕಡೆ ನುಡಿಸುವ ‘ಫ್ರೆಂಚ್’ ಕ್ಲಾರಿನೆಟ್‌ಗೆ ‘ಬೋಮ್ ಪದ್ಧತಿ’ ಅಂತ ಹೆಸರು, ಅದೇ ಮ್ಯೂನಿಕ್ಕಿನ ಬೋಮ್. ಆದರೆ ಬೋಮ್ ಕ್ಲಾರಿನೆಟ್ ಕೈಗೇ ಎತ್ತಿಕೊಳ್ಳಲಿಲ್ಲ. ಪ್ಯಾರಿಸ್ಸಿನ ಕ್ಲೋಸೆ ಮತ್ತು ಬ್ಯೂಫೆ 1839ರ ಹೊತ್ತಿಗೆ ಬೋಮ್ ಅವರ ಕೊಳಲಿನ ಉಂಗುರದ ಕೀಗಳ, ಅಂದರೆ ತೂತು ಮುಚ್ಚುವ ಸನ್ನೆಗಳ, ಉಪಾಯವನ್ನು ತಂದು ಕ್ಲಾರಿನೆಟ್‌ಗೆ ಕೂರಿಸಿದರು. ಜರ್ಮನರು ಮಾತ್ರ ಬೋಮ್ ಪದ್ಧತಿ 'ಫ್ರೆಂಚ್' ಅಂತ ಬಿಟ್ಟು, ತಮ್ಮ ಹಳೆಯ ದಾರಿಯಲ್ಲೇ ಬೆಳೆದ ಓಲರ್ ಪದ್ಧತಿ ಇಟ್ಟುಕೊಂಡರು.

ಎಲ್ಲಕ್ಕಿಂತ ಸುಳ್ಳು ಹೆಸರು ಯಾವುದು?

ನನ್ನ ಲೆಕ್ಕದಲ್ಲಿ ‘ರಷ್ಯನ್ ಬಸೂನ್’. 18ನೇ ಶತಮಾನದ ಕೊನೆ, 19ರ ಮೊದಲಲ್ಲಿ ಸೇನೆಯ ಬ್ಯಾಂಡುಗಳಲ್ಲಿ ಇತ್ತು. ಬಸೂನ್ ಅಂದರೆ ಜೊಂಡಿನ ಪೀಪಿ ಇಟ್ಟು ಊದುವ ಮಂದ್ರದ ಮರದ ವಾದ್ಯ. ಇದರಲ್ಲಿ ಪೀಪಿ ಇಲ್ಲ, ಬಟ್ಟಲಿನಂಥ ಮೌತ್‌ಪೀಸ್‌ಗೆ ತುಟಿ ಒತ್ತಿ ಊದಬೇಕು. ಕುಲ ಹುಡುಕಿದರೆ ಹಾವಿನ ಹಾಗೆ ಸುರುಳಿ ಸುತ್ತಿದ ‘ಸರ್ಪೆಂಟ್’ ಅನ್ನುವ ವಾದ್ಯದ ಮಗ. ನೆಟ್ಟಗೆ ನಿಲ್ಲಿಸಿದ್ದಕ್ಕೆ ಬಸೂನ್ ತರ ಕಂಡಿತು, ಅಷ್ಟೇ. ತಯಾರಾಗುತ್ತಿದ್ದದ್ದು ಹೆಚ್ಚಾಗಿ ಫ್ರಾನ್ಸ್, ಬೆಲ್ಜಿಯಂ ಕಡೆ. ಕೆಲವದರ ಬಾಯಿಗೆ ಬಣ್ಣ ಬಳಿದ ಡ್ರ್ಯಾಗನ್ ತಲೆ, ಕೆಂಪು ಬಾಯಿ, ಹಲ್ಲು ಬೇರೆ. ಪ್ರಶ್ಯಾ ಅನ್ನುವುದು ಬಾಯಿಂದ ಬಾಯಿಗೆ ಹೋಗಿ ರಷ್ಯಾ ಆಯಿತು ಅಂತ ಒಂದು ಊಹೆ ಇದೆ.

ಇದರ ಒಬ್ಬ ದಾಯಾದಿ ‘ಇಂಗ್ಲಿಷ್ ಬಾಸ್ ಹಾರ್ನ್’. 1800ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಹುಟ್ಟಿತು, ಅಷ್ಟರ ಮಟ್ಟಿಗೆ ಹೆಸರು ನಿಜ. ಮಾಡಿದವನು ಮಾತ್ರ ಕ್ರಾಂತಿಯ ಕಾಲದಲ್ಲಿ ಫ್ರಾನ್ಸ್ ಬಿಟ್ಟು ಬಂದಿದ್ದ ಫ್ರಿಶೋ. ಸಂಗೀತಕಾರ ಮೆಂಡೆಲ್ಸೋನ್ 1824ರಲ್ಲಿ, ಆಗಿನ್ನೂ ಹದಿನೈದರ ಹುಡುಗ, ಜರ್ಮನಿಯ ಸಮುದ್ರ ತೀರದ ಡೊಬೆರಾನ್‌ನಲ್ಲಿ ಇದನ್ನು ನೋಡಿ ಮನೆಗೆ ಕಾಗದ ಬರೆದ. ಗಿಡಕ್ಕೆ ನೀರು ಹಾಕುವ ಕ್ಯಾನ್ ತರ ಇದೆ ಅಂತ ಹೇಳಿ ಚಿತ್ರವನ್ನೂ ಬಿಡಿಸಿದ. ನಾದ ಅವನಿಗೆ ಹಿಡಿಸಿತ್ತು, ಅದಕ್ಕೆ ಸ್ವರವನ್ನೂ ಬರೆದ.

ಈಜಿಪ್ಟಿನ ತುತ್ತೂರಿ ಅಂತ ಕೇಳಿದ್ದೆ?

ಇಟಲಿಯ ಸಂಗೀತಕಾರ ವೆರ್ದಿ ತನ್ನ ‘ಆಯಿದಾ’ ಒಪೆರಾಕ್ಕೆ ಮಾಡಿಸಿಕೊಂಡ ಉದ್ದನೆಯ ನೇರ ತುತ್ತೂರಿ. ಒಪೆರಾ ಮೊದಲು ನಡೆದದ್ದು 1871ರ ಡಿಸೆಂಬರ್ 24ರಂದು ಕೈರೋದಲ್ಲಿ ಅನ್ನುವುದು ನಿಜ, ವಾದ್ಯ ಇಟಲಿಯದು, ಒಂದು ವಾಲ್ವ್ ಬೇರೆ ಇದೆ. ಈಜಿಪ್ಟಿನ ಅಸಲಿ ತುತ್ತೂರಿಗಳು ತುತಾಂಖಾಮುನ್‌ನ ಗೋರಿಯಲ್ಲಿದ್ದವು, 1922ರಲ್ಲಿ ತೆರೆದ ಗೋರಿಯದು. ಒಂದು ಬೆಳ್ಳಿಯದು, ಒಂದು ಕಂಚಿನದು, ಎರಡೂ ಮೊಣಕೈ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಸ್ಯಾಕ್ಸೋಫೋನ್‌ಗೆ ಯಾಕೆ ದೇಶದ ಹೆಸರಿಲ್ಲ?

ಮಾಡಿದವರು ತಮ್ಮ ಹೆಸರನ್ನೇ ಇಟ್ಟರು. ಬೆಲ್ಜಿಯಂನ ಆಡಾಲ್ಫ್ ಸ್ಯಾಕ್ಸ್, ಪ್ಯಾರಿಸ್ಸಿನಲ್ಲಿ, 1846ರ ಪೇಟೆಂಟ್. ಅದು ಮೈಸೂರು ಅರಮನೆಯ ಬ್ಯಾಂಡಿಗೂ ಬಂತು. ಅಲ್ಲಿ ಅದನ್ನು ಕೇಳಿದ ಹುಡುಗ ಕದ್ರಿ ಗೋಪಾಲನಾಥ್ ಆಮೇಲೆ ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದು ನಮಗೆಲ್ಲ ಗೊತ್ತು.

ವಾದಕರ ಹೆಸರೂ ಹೀಗೆ ದೇಶ ಬದಲಿಸಿದ್ದಿದೆಯಾ?

ಜೊವಾನ್ನಿ ಪುಂತೊ. ಹೆಸರು ಇಟಲಿಯದು, ಮನುಷ್ಯ ಬೊಹೀಮಿಯಾದವ. ಹುಟ್ಟು ಹೆಸರು ಯಾನ್ ವಾತ್ಸ್‌ಲಾವ್ ಸ್ಟಿಖ್, 1746ರಲ್ಲಿ ಹುಟ್ಟಿದ್ದು. ಅವನ ಒಡೆಯ ಕೌಂಟ್ ಟೂನ್ ಅವನಿಗೆ ಹಾರ್ನ್ ಕಲಿಸಿ ಆಳಿನ ಹಾಗೆ ಇಟ್ಟುಕೊಂಡಿದ್ದ. ಸ್ಟಿಖ್ ಓಡಿಹೋದ. ಹಿಡಿದು ತನ್ನಿ, ಆಗದಿದ್ದರೆ ಮುಂದಿನ ಹಲ್ಲು ಮುರಿಯಿರಿ ಅಂತ ಕೌಂಟ್ ಸೈನಿಕರನ್ನು ಕಳಿಸಿದನಂತೆ. ಹಲ್ಲಿಲ್ಲದೆ ಹಾರ್ನ್ ಊದಲು ಆಗುವುದಿಲ್ಲ, ಅದು ಅವನಿಗೂ ಗೊತ್ತಿತ್ತು. ಗಡಿ ದಾಟಿ, ಇಟಲಿಯ ಹೆಸರಿಟ್ಟುಕೊಂಡು ಸ್ಟಿಖ್ ಬದುಕಿಕೊಂಡ. 1800ರಲ್ಲಿ ಬೇಥೋವನ್ ತನ್ನ ಹಾರ್ನ್ ಸೊನಾಟಾ ಬರೆದದ್ದು ಇವನಿಗಾಗಿ. ಈ ಒಂದು ಸುಳ್ಳು ಹೆಸರು ಮಾತ್ರ ಬೇಕಂತಲೇ ಇಟ್ಟದ್ದು, ಹಲ್ಲು ಉಳಿಸಿಕೊಳ್ಳಲು.

ಜರ್ಮನ್ ಸಿಲ್ವರ್ ಅಂತ ಕುಂಕುಮದ ಬಟ್ಟಲು ಕೊಡ್ತಾರಲ್ಲ, ವಾದ್ಯಕ್ಕೂ ಅದೇನಾ?

ಅದೇ ಹೆಸರು. ಕ್ಲಾರಿನೆಟ್, ಓಬೋಗಳ ಕೀಗಳು ಸಾಮಾನ್ಯವಾಗಿ ಇದೇ ಲೋಹ, ಮೇಲೆ ಬೆಳ್ಳಿಯ ಲೇಪ. ಪೂರ್ತಿ ಇದರಲ್ಲೇ ಮಾಡಿದ ಹಾರ್ನ್‌ಗಳೂ ಇವೆ. ತಾಮ್ರ, ನಿಕ್ಕಲ್, ಸತು ಬೆರೆಸಿದ್ದು, ಬೆಳ್ಳಿ ಒಂದು ಚೂರೂ ಇಲ್ಲ. ಜರ್ಮನಿಯದೂ ಅಲ್ಲ. ಚೀನಾದಲ್ಲಿ ಬಹಳ ಹಿಂದಿನಿಂದ ‘ಬಿಳಿ ತಾಮ್ರ’ ಅಂತ ಇದ್ದ ಲೋಹ. ಯುರೋಪಿನವರಿಗೆ ಗುಟ್ಟು ಗೊತ್ತಿರಲಿಲ್ಲ. 1820ರ ದಶಕದಲ್ಲಿ ಜರ್ಮನ್ ಕುಶಲಕರ್ಮಿಗಳು ಅದನ್ನು ಅನುಕರಿಸಿ ಮಾಡಿದರು.

ನಿಜ ಹೇಳುವ ಹೆಸರು ಒಂದೂ ಇಲ್ವಾ?

ಇದೆ. ವಿಯೆನ್ನಾ ಹಾರ್ನ್. ವಿಯೆನ್ನಾ ಫಿಲ್ಹಾರ್ಮೊನಿಕ್‌ನವರು ಇವತ್ತಿಗೂ ಜೋಡಿ ಹಾರ್ನ್ ಬಿಟ್ಟು 19ನೇ ಶತಮಾನದ ಎಫ್ ಹಾರ್ನನ್ನೇ ನುಡಿಸುತ್ತಾರೆ. ಅದರ ವಾಲ್ವ್ ರೂಪಿಸಿದ ಉಲ್‌ಮಾನ್ ಕೂಡ ವಿಯೆನ್ನಾದವರೇ.

ಕನ್ನಡದಲ್ಲಿ ಏನಂತ ಬರೆಯಲಿ?

ವಾದಕರು ಸುಮ್ನೆ ‘ಹಾರ್ನ್’ ಅನ್ನಿ ಅಂದರೂ, ಕನ್ನಡದಲ್ಲಿ ಹಾರ್ನ್ ಅಂದರೆ ಲಾರಿಯದ್ದು. ‘ಕೊಂಬು’ ಅಂದರೆ ಕೊಡಗಿನ ಕೊಂಬು ಕಣ್ಣ ಮುಂದೆ ಬರುತ್ತದೆ, ಅದು ಬೇರೆಯೇ ವಾದ್ಯ. ಹಾಗಾಗಿ ಮೊದಲ ಸಲ ‘ಫ್ರೆಂಚ್ ಹಾರ್ನ್’ ಅಂತ ಬರೆದು ಆಮೇಲೆ ‘ಹಾರ್ನ್’ ಅನ್ನುವುದು ನನ್ನ ಕ್ರಮ. ಇಂಗ್ಲಿಷ್ ಹಾರ್ನ್‌ಗೆ ‘ಕೋರ್ ಆಂಗ್ಲೇ’ ಬರೆಯುತ್ತೇನೆ, ಗೊಂದಲ ಕಡಿಮೆ.

ಇವನ್ನು ಎಲ್ಲಿ ಕೇಳಲಿ?

ಕೋರ್ ಆಂಗ್ಲೇ ಒಂದೇ ಬೇಕಾದರೆ ದ್ವೊರ್ಜಾಕ್‌ನ ‘ಹೊಸ ಜಗತ್ತು’ ಸಿಂಫನಿಯ ಎರಡನೇ ಭಾಗ, 1893ರದ್ದು. ನಿಧಾನವಾದ ಆ ಹಾಡನ್ನು ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಎರಡೂ ಒಟ್ಟಿಗೆ ಬೇಕಾದರೆ ಹೈಡನ್‌ನ 22ನೇ ಸಿಂಫನಿ, 1764. ಅದರಲ್ಲಿ ಓಬೋಗಳೇ ಇಲ್ಲ, ಬದಲಿಗೆ ಎರಡು ಕೋರ್ ಆಂಗ್ಲೇ, ಜೊತೆಗೆ ಎರಡು ಹಾರ್ನ್. ಕೆಳಗೆ ಪಿಟೀಲುಗಳು ಗಡಿಯಾರದ ಹಾಗೆ ಸಮನಾಗಿ ನಡೆಯುತ್ತಿರುತ್ತವೆ. ಮೊದಲು ಹಾರ್ನ್‌ಗಳು ಒಂದು ಸಾಲು ಹೇಳುತ್ತವೆ, ಕೋರ್ ಆಂಗ್ಲೇಗಳು ಉತ್ತರ ಕೊಡುತ್ತವೆ. ನಮ್ಮ ಹುಡುಗಿ ಇದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ಒಂದು ಕೈಯನ್ನು ಗೊತ್ತಿಲ್ಲದೆಯೇ ಮಡಚಿ ಹಾರ್ನ್‌ನ ಬಾಯೊಳಗೆ ಇಟ್ಟ ಹಾಗೆ ಇಟ್ಟುಕೊಂಡಿದ್ದಳು.